‘ಜಹನ್ನುಮ್’ ಅನ್ನೋದು ನಿಜವಾಗಿ ಜೆರುಸಲೇಮಿನ ಕಸದ ಗುಂಡಿಯಾ?

ಕಲಬುರಗಿ ಹುಡುಗ

ನಮ್ಮದು ಕಲಬುರಗಿ. ನಮ್ಮ ಓಣಿಯಲ್ಲಿ ಅರ್ಧ ಮನೆಯವರು ಕನ್ನಡ ಆಡುತ್ತಾರೆ, ಇನ್ನರ್ಧ ಮನೆಯವರು ದಖನಿ. ಹಾಗಾಗಿ ‘ಜಹನ್ನುಮ್ ಮೇ ಜಾ’ ಅನ್ನೋ ಬೈಗುಳ ಹಿಂದಿ ಸಿನಿಮಾ ನೋಡೋದಕ್ಕೆ ಮುಂಚೆಯೇ ನನ್ನ ಕಿವಿಗೆ ಬಿದ್ದಿತ್ತು. ಪಕ್ಕದ ಮನೆ ಖಾಲಾ ಕರೆಂಟ್ ಹೋದರೂ ಹಾಗೇ ಅನ್ನುತ್ತಿದ್ದರು, ಆಡು ಬಂದು ಒಣಹಾಕಿದ ಬಟ್ಟೆ ಜಗಿದರೂ ಹಾಗೇ. ನರಕ ಅಂತ ಅರ್ಥ, ಅಷ್ಟು ಗೊತ್ತಿತ್ತು.

ಮೊನ್ನೆ ಒಂದು ವಿಡಿಯೋ ಬಂತು. ಜಹನ್ನುಮ್ ಅನ್ನೋದು ನಿಜವಾದ ಒಂದು ಜಾಗ, ಜೆರುಸಲೇಮ್ ಪಕ್ಕದ ಹಿನ್ನೋಮ್ ಕಣಿವೆ, ಯೆಹೂದ್ಯರ ಹಳೆಯ ಗ್ರಂಥದಲ್ಲೇ ಆ ಹೆಸರಿದೆ ಅಂತ ಹೇಳಿದರು. ಊರಿನ ಕಸ, ಸತ್ತ ದನ, ಗಲ್ಲಿಗೆ ಹಾಕಿದವರ ಹೆಣ ಎಲ್ಲ ಅಲ್ಲಿಗೇ ಎಸೆಯುತ್ತಿದ್ದರಂತೆ. ಹಗಲೂ ರಾತ್ರಿ ಬೆಂಕಿ ಉರಿಯುತ್ತಿತ್ತಂತೆ. ಯೇಸು ಆ ಬೆಂಕಿ ತೋರಿಸಿಯೇ ನರಕದ ಮಾತಾಡಿದ್ದಂತೆ. ಕೆಳಗೆ ಕಾಮೆಂಟ್ ಹಾಕಿದವರೆಲ್ಲ ಬೆರಗಾಗಿ ಕೂತಿದ್ದಾರೆ. ‘ಇದು ಎಲ್ಲಿ ಬರೆದಿದೆ’ ಅಂತ ಒಬ್ಬರೂ ಕೇಳಿಲ್ಲ.

ಗೆಳೆಯನ ಮನೆಯಲ್ಲಿ ಕನ್ನಡ ಸತ್ಯವೇದ, ಅಂದರೆ ಬೈಬಲ್, ಇತ್ತು, ತೆಗೆದು ನೋಡಿದೆ. ಯೇಸು ಮಾತಾಡೋ ಕಡೆಯಲ್ಲೆಲ್ಲ ‘ನರಕ’ ಅಂತಿದೆ. ಕಣಿವೆಯ ಸುದ್ದಿಯೇ ಇಲ್ಲ. ಹಾಗಾದರೆ ಆ ಜಾಗ ಇದೆಯಾ? ಹಿನ್ನೋಮ್ ಅಂದರೆ ಯಾರು? ಕಸದ ಕತೆ ನಿಜಾನಾ? ತಿಳಿದವರು ಹೇಳಿ. ಧರ್ಮದ ಜಗಳ ಬೇಡ, ಹೆಸರಿನ ಹಿನ್ನೆಲೆ ಸಾಕು.

ಬೆಟಗೇರಿ ಮಾಸ್ತರ

ತಮ್ಮಾ, ಜಾಗ ಇದೆ. ಕಸದ ಕತೆಯನ್ನು ಮಾತ್ರ ಕೈಬಿಡು.

ನಾನು ಹೈಸ್ಕೂಲಿನಲ್ಲಿ ಕನ್ನಡ ಕಲಿಸಿದವ. ಅದಕ್ಕೂ ಮುಂಚೆ ಪಾದ್ರಿ ಆಗಬೇಕು ಅಂತ ದೇವಶಾಸ್ತ್ರ ಓದಲು ಹೋಗಿ, ಪಾದ್ರಿ ಆಗದೆ ವಾಪಸ್ ಬಂದೆ. ಅಲ್ಲಿ ಕಲಿತದ್ದರಲ್ಲಿ ಹೀಬ್ರೂ ಒಂದು ಉಳಿಯಿತು. ಕೇಳೋರು ಯಾರೂ ಸಿಗೋದಿಲ್ಲ, ನೀನು ಸಿಕ್ಕಿದ್ದೀಯ. ಉದ್ದ ಆಗುತ್ತದೆ, ಓದಿಕೋ.

ಹೀಬ್ರೂವಿನಲ್ಲಿ ‘ಗೇ’ ಅಂದರೆ ಕಡಿದಾದ ಕಣಿವೆ, ನಮ್ಮ ಕಡೆ ಕೊಳ್ಳ ಅನ್ನುತ್ತೇವಲ್ಲ ಅದು. ‘ಗೇ ಹಿನ್ನೋಮ್’ ಅಂದರೆ ಹಿನ್ನೋಮನ ಕೊಳ್ಳ. ಪೂರ್ತಿ ಹೆಸರು ‘ಗೇ ಬೆನ್ ಹಿನ್ನೋಮ್’, ಹಿನ್ನೋಮನ ಮಗನ ಕೊಳ್ಳ. ಯಾರೋ ಹಳೆಯ ಜಮೀನುದಾರನದೋ ಮನೆತನದ್ದೋ ಹೆಸರಿರಬೇಕು. ಅವನ ಬಗ್ಗೆ ಇಡೀ ಗ್ರಂಥದಲ್ಲಿ ಬೇರೆ ಒಂದು ಸಾಲೂ ಇಲ್ಲ. ‘ನರಳು’ ಅನ್ನೋ ಅರ್ಥದ ಧಾತುವಿಗೆ ಗಂಟು ಹಾಕಿ ‘ನರಳಾಟದ ಕಣಿವೆ’ ಅಂತ ಬಿಡಿಸಿ ಹೇಳೋರೂ ಇದ್ದಾರೆ. ನನಗೆ ಅದು ಒಪ್ಪಿಗೆಯಿಲ್ಲ. ಒಂದು ಜಾಗದಲ್ಲಿ ಕೆಟ್ಟದ್ದು ನಡೆದ ಮೇಲೆ ಅದರ ಹೆಸರಿಗೂ ಕೆಟ್ಟ ಅರ್ಥ ಹುಡುಕೋದು ಜನರ ಚಟ. ಬೆನ್ ಅಂದರೆ ಮಗ. ‘ನರಳಾಟದ ಮಗ’ ಅಂತ ಯಾರು ಹೆಸರಿಟ್ಟುಕೊಳ್ಳುತ್ತಾರೆ ಹೇಳು.

ಸತ್ಯವೇದದಲ್ಲಿ ಯೆಹೋಶುವನ ಪುಸ್ತಕ ತೆಗೆ, 15ನೆಯ ಅಧ್ಯಾಯ, 8ನೆಯ ವಚನ. ನಿನಗೆ ಬೇಕಾದ ಹೆಸರು ಅಲ್ಲಿದೆ. ಅಲ್ಲಿ ನರಕವೂ ಇಲ್ಲ, ಬೆಂಕಿಯೂ ಇಲ್ಲ. ತಲಾಠಿ ಬರೆದ ಚಕ್ಕುಬಂದಿಯ ಹಾಗೆ ಒಣಒಣ. ಯೆಹೂದ ಕುಲದ ಎಲ್ಲೆ ಬೆನ್ ಹಿನ್ನೋಮ್ ಕಣಿವೆಯಲ್ಲಿ ಏರಿ ಯೆಬೂಸಿಯರ ಊರಿನ ತೆಂಕಣ ಮಗ್ಗುಲಿಗೆ ಬರುತ್ತದೆ, ಅಲ್ಲಿಂದ ಪಶ್ಚಿಮದ ಗುಡ್ಡದ ತುದಿಗೆ ಹೋಗುತ್ತದೆ, ಹೀಗೆ. ಯೆಬೂಸಿಯರ ಊರು ಅಂದರೆ ಜೆರುಸಲೇಮೇ. 18ನೆಯ ಅಧ್ಯಾಯದಲ್ಲಿ ಬೆನ್ಯಾಮೀನ ಕುಲದ ಎಲ್ಲೆ ಹೇಳುವಾಗ ಮತ್ತೆ ಅದೇ ಕಣಿವೆ. ನೆಹೆಮೀಯನ ಪುಸ್ತಕದಲ್ಲಿ ಬಾಬೆಲಿನ ಸೆರೆಯಿಂದ ಬಂದವರು ‘ಬೇರ್ಷೆಬದಿಂದ ಹಿನ್ನೋಮ್ ಕಣಿವೆಯವರೆಗೆ’ ಮನೆಮಾಡಿದರು ಅಂತಿದೆ. ಅಲ್ಲೂ ಅದು ಬರೀ ಎಲ್ಲೆಯ ಗುರುತು.

ಹೆಸರು ಕೆಟ್ಟಿದ್ದು ಯೆಹೋಶುವನ ಕಾಲಕ್ಕೂ ನೆಹೆಮೀಯನ ಕಾಲಕ್ಕೂ ನಡುವೆ. ಕ್ರಿಸ್ತಪೂರ್ವ 8ನೆಯ ಶತಮಾನದಲ್ಲಿ ಜೆರುಸಲೇಮಿನಲ್ಲಿ ಆಳಿದ ಆಹಾಜ ಅನ್ನೋ ಅರಸ ಆ ಕಣಿವೆಯಲ್ಲಿ ಧೂಪ ಹಾಕಿದ, ತನ್ನ ಮಕ್ಕಳನ್ನೇ ಬೆಂಕಿಗೆ ಕೊಟ್ಟ ಅಂತ ಎರಡನೆಯ ಪೂರ್ವಕಾಲವೃತ್ತಾಂತ ಹೇಳುತ್ತದೆ. ಅವನ ಮೊಮ್ಮಗ ಮನಸ್ಸೆಯೂ ಅದನ್ನೇ ಮಾಡಿದ. ಬಲಿಯ ಜಾಗಕ್ಕೆ ತೋಫೆತ್ ಅಂತ ಹೆಸರು. ಬಲಿ ಮೋಲೆಕ ಅನ್ನೋ ದೇವರಿಗೆ. ಮುಂದೆ ಮನಸ್ಸೆಯ ಮೊಮ್ಮಗ ಯೋಷೀಯ ಪಟ್ಟಕ್ಕೆ ಬಂದ. ಕ್ರಿಸ್ತಪೂರ್ವ 622ರ ಸುಮಾರಿಗೆ ಅವನು ಊರಿನ ಪೂಜೆ ಪದ್ಧತಿ ಎಲ್ಲ ಶುದ್ಧ ಮಾಡಲು ಹೊರಟಾಗ ತೋಫೆತನ್ನು ಹೊಲೆಗೆಡಿಸಿದ. ಇನ್ನು ಯಾರೂ ಮಗನನ್ನಾಗಲಿ ಮಗಳನ್ನಾಗಲಿ ಮೋಲೆಕನ ಬೆಂಕಿಗೆ ಕೊಡಬಾರದು ಅಂತ. ಎರಡನೆಯ ಅರಸುಗಳು 23:10. ಕೊಟ್ಟವರೂ ಅದೇ ಮನೆತನ, ನಿಲ್ಲಿಸಿದವನೂ ಅದೇ ಮನೆತನ ಅನ್ನೋದನ್ನು ಗಮನಿಸು.

ಆದರೆ ಈ ಹೆಸರನ್ನು ಲೋಕದ ಬಾಯಿಗೆ ಹಾಕಿದವನು ಅರಸ ಅಲ್ಲ, ಯೆರೆಮೀಯ ಅನ್ನೋ ಪ್ರವಾದಿ. ಅವನ ಪುಸ್ತಕದ 19ನೆಯ ಅಧ್ಯಾಯ ಓದು. ಕುಂಬಾರನ ಹತ್ತಿರ ಒಂದು ಕೊಡ ಕೊಂಡ. ಊರಿನ ಹಿರಿಯರನ್ನೂ ಯಾಜಕರನ್ನೂ ಕರೆದುಕೊಂಡು ಕಣಿವೆಯ ಬಾಗಿಲಿಗೆ ಹೋದ. ಇನ್ನು ಇದನ್ನು ತೋಫೆತ್ ಅನ್ನೋದಿಲ್ಲ, ಬೆನ್ ಹಿನ್ನೋಮ್ ಕಣಿವೆ ಅನ್ನೋದಿಲ್ಲ, ಕೊಲೆಯ ಕಣಿವೆ ಅನ್ನುತ್ತಾರೆ, ಹೂಳಲು ಜಾಗ ಸಾಲದಷ್ಟು ಹೆಣ ಬೀಳುತ್ತವೆ ಅಂತ ಹೇಳಿ ಎಲ್ಲರ ಎದುರು ಕೊಡ ಒಡೆದ. ಇದನ್ನೆಲ್ಲ ಅವನು ತನ್ನ ದೇವರು ಯೆಹೋವನ ಮಾತಾಗಿ ಹೇಳುತ್ತಾನೆ. ಅದರಲ್ಲಿ ಒಂದು ಸಾಲು ನನ್ನನ್ನು ಬಿಡೋದಿಲ್ಲ: ಮಕ್ಕಳನ್ನು ಸುಡಿ ಅಂತ ನಾನು ಹೇಳಿರಲಿಲ್ಲ, ಅದು ನನ್ನ ಮನಸ್ಸಿಗೂ ಬಂದಿರಲಿಲ್ಲ. ಹಾಗೆ ಹೇಳಬೇಕಾಗಿ ಬಂತು ಅಂದರೆ ಏನರ್ಥ? ಮಕ್ಕಳನ್ನು ತಂದವರಲ್ಲಿ ಕೆಲವರಾದರೂ ‘ಇದು ನಮ್ಮ ದೇವರೇ ಕೇಳಿದ್ದು’ ಅಂತ ನಂಬಿದ್ದರು ಅಂತ.

ಕ್ರಿಸ್ತಪೂರ್ವ 586ರಲ್ಲಿ ಬಾಬೆಲಿನ ಸೈನ್ಯ ಬಂದು ಊರನ್ನು ಸುಟ್ಟಿತು. ಯೆರೆಮೀಯನ ಮಾತು ನಿಜವಾಯಿತು ಅಂತ ಜನ ತಿಳಿದರು. ಅಲ್ಲಿಂದ ಮುಂದೆ ಆ ಕಣಿವೆ ಬರೀ ಕಣಿವೆಯಾಗಿ ಉಳಿಯಲಿಲ್ಲ. ಯೆಶಾಯನ ಪುಸ್ತಕದ ಕಟ್ಟಕಡೆಯ ವಚನದಲ್ಲಿ ದ್ರೋಹಿಗಳ ಹೆಣಗಳ ಚಿತ್ರ ಬರುತ್ತದೆ: ಹುಳ ಸಾಯೋದಿಲ್ಲ, ಬೆಂಕಿ ಆರೋದಿಲ್ಲ. ಅಲ್ಲಿ ಕಣಿವೆಯ ಹೆಸರಿಲ್ಲ. ಓದುವವರು ತಾವೇ ಸೇರಿಸಿಕೊಂಡರು. ಹನೋಕನ ಹೆಸರಿನಲ್ಲಿರುವ ಹಳೆಯ ಪುಸ್ತಕದಲ್ಲಿ ಜೆರುಸಲೇಮಿನ ಪಕ್ಕದ ‘ಶಾಪದ ಕಣಿವೆ’ಯಲ್ಲಿ ಕೊನೆಗೆ ಕೆಟ್ಟವರನ್ನು ಕೂಡಿಹಾಕುತ್ತಾರೆ ಅಂತ ಬರುತ್ತದೆ. ಯೇಸುವಿನ ಕಾಲಕ್ಕೆ ‘ಗೇಹಿನ್ನೋಮ್’ ಅಂದರೆ ಸತ್ತ ಮೇಲಿನ ಶಿಕ್ಷೆ ಅಂತ ಆಗಿಹೋಗಿತ್ತು. ಗ್ರೀಕಿನಲ್ಲಿ ಅದನ್ನು ‘ಗೆಹೆನ್ನ’ ಅಂತ ಬರೆದರು. ಬೈಬಲಿನ ಎರಡನೆಯ ಭಾಗವಾದ ಹೊಸ ಒಡಂಬಡಿಕೆಯಲ್ಲಿ ಅದು 12 ಸಲ ಬರುತ್ತದೆ, 11 ಸಲ ಯೇಸುವಿನ ಬಾಯಲ್ಲಿ, ಒಂದು ಸಲ ಯಾಕೋಬನ ಪತ್ರದಲ್ಲಿ. ಕನ್ನಡಕ್ಕೆ ತಂದವರು ಅದನ್ನು ‘ನರಕ’ ಅಂತ ಮಾಡಿದರು. ನಿನಗೆ ಕಣಿವೆ ಕಾಣಿಸದೆ ಹೋಗಿದ್ದು ಅದಕ್ಕೇ. ಹಳೆಯ ಒಡಂಬಡಿಕೆಯಲ್ಲಿ ಬರುವ ‘ಪಾತಾಳ’ ಬೇರೆ, ಅದು ಹೀಬ್ರೂವಿನ ಶೆಓಲ್. ಒಳ್ಳೆಯವರೂ ಕೆಟ್ಟವರೂ ಸತ್ತ ಮೇಲೆ ಹೋಗೋ ಜಾಗ. ಮಗ ಯೋಸೇಫ ಸತ್ತ ಅಂದುಕೊಂಡ ಮುದುಕ ಯಾಕೋಬ ‘ಅಳುತ್ತಲೇ ಅಲ್ಲಿಗೆ ಇಳಿದು ಮಗನನ್ನು ಸೇರುತ್ತೇನೆ’ ಅನ್ನುತ್ತಾನಲ್ಲ, ಅಲ್ಲಿಗೆ.

ಈಗ ಕಸ. ಇದನ್ನು ಮೊದಲು ಬರೆದವನು ದಾವೀದ್ ಕಿಮ್ಹಿ ಅನ್ನೋ ಯೆಹೂದಿ ಪಂಡಿತ, ಕ್ರಿಸ್ತಶಕ 1200ರ ಸುಮಾರಿಗೆ, 27ನೆಯ ಕೀರ್ತನೆಯ ವ್ಯಾಖ್ಯಾನದಲ್ಲಿ. ಹೊಲಸು, ಹೆಣ ಎಲ್ಲ ಅಲ್ಲಿ ಎಸೆಯುತ್ತಿದ್ದರು, ಸುಡಲು ಬೆಂಕಿ ಸದಾ ಉರಿಯುತ್ತಿತ್ತು, ಆದ್ದರಿಂದ ಕೆಟ್ಟವರ ಶಿಕ್ಷೆಗೆ ಆ ಹೆಸರು ಅಂತ. ದೊಡ್ಡ ಪಂಡಿತ, ಅನುಮಾನವಿಲ್ಲ. ಆದರೆ ಅವನು ಕೂತು ಬರೆದದ್ದು ದಕ್ಷಿಣ ಫ್ರಾನ್ಸಿನ ನಾರ್ಬೋನ್ ಕಡೆ, ಯೇಸು ಸತ್ತು 1,100 ವರ್ಷಕ್ಕೂ ಜಾಸ್ತಿ ಆದ ಮೇಲೆ. ಅವನಿಗಿಂತ ಮುಂಚೆ ಹೀಬ್ರೂ ಗ್ರಂಥದಲ್ಲಿ ಇಲ್ಲ, ಹೊಸ ಒಡಂಬಡಿಕೆಯಲ್ಲಿ ಇಲ್ಲ, ಜೆರುಸಲೇಮನ್ನು ಓಣಿ ಓಣಿ ಬಲ್ಲ ಇತಿಹಾಸಕಾರ ಜೋಸೆಫಸ್‌ನಲ್ಲೂ ಇಲ್ಲ. ಒಂದನೆಯ ಶತಮಾನದ ಜೆರುಸಲೇಮಿನ ದೊಡ್ಡ ಕಸದ ರಾಶಿಯನ್ನು ಅಗೆದವರು ಪತ್ತೆಹಚ್ಚಿದ್ದಾರೆ. ಅದು ಸಿಕ್ಕಿದ್ದು ಊರಿನ ಪೂರ್ವದ ಇಳಿಜಾರಿನಲ್ಲಿ, ಕಿದ್ರೋನ್ ಕಣಿವೆಯ ಕಡೆ. ನೆಹೆಮೀಯನ ಪುಸ್ತಕದಲ್ಲಿ ಊರಿನ ತೆಂಕಣ ತುದಿಗೆ ‘ತಿಪ್ಪೆಯ ಬಾಗಿಲು’ ಬರುತ್ತದೆ, ಆ ದಾರಿಯಲ್ಲಿ ಕಸ ಹೊರಗೆ ಹೋಗಿರಬಹುದು. ಬಾಗಿಲಿಗೆ ಆ ಹೆಸರು ಬಂತು, ಅಷ್ಟೇ. ನರಕಕ್ಕೆ ಹೆಸರು ಬಂದದ್ದು ಅದರಿಂದಲ್ಲ.

ಕಸದ ಕತೆ ಯಾಕೆ ಇಷ್ಟು ಓಡುತ್ತದೆ ಅಂತ ನನಗನ್ನಿಸಿದ್ದು ಹೇಳುತ್ತೇನೆ. ಕಸ ಸುಟ್ಟರು ಅಂದರೆ ಯಾರ ಮೇಲೂ ತಪ್ಪು ಬರೋದಿಲ್ಲ. ಮಕ್ಕಳನ್ನು ಸುಟ್ಟರು ಅಂದರೆ ಅರಮನೆ ಬಾಗಿಲಿಗೆ ಹೋಗಿ ಕೇಳಬೇಕಾಗುತ್ತದೆ. ಯೆರೆಮೀಯ ಮಾಡಿದ್ದು ಅದನ್ನೇ, ಅದಕ್ಕೇ ಅವನಿಗೆ ಹೊಡೆದು ಕೋಳ ಹಾಕಿದರು. 20ನೆಯ ಅಧ್ಯಾಯದ ಶುರುವಿನಲ್ಲೇ ಇದೆ.

ಬೀದರ್ ಉಸ್ತಾದ್

ಮಾಸ್ತರರು ಗ್ರೀಕಿನವರೆಗೆ ತಂದು ಬಿಟ್ಟರು. ಅಲ್ಲಿಂದ ಖಾಲಾ ಬಾಯಿಗೆ ಹೇಗೆ ಬಂತು ಅನ್ನೋದನ್ನು ನಾನು ಹೇಳುತ್ತೇನೆ. ಉರ್ದು ಕಲಿಸೋದು ನನ್ನ ಕಸುಬು.

ಹೀಬ್ರೂವಿನ ‘ಗ’ ಅರಬ್ಬಿಯಲ್ಲಿ ‘ಜ’ ಆಗುತ್ತದೆ, ಅದು ಮಾಮೂಲಿ. ಮಜಾ ಇರೋದು ಕೊನೆಯ ‘ಮ್’ನಲ್ಲಿ. ಗ್ರೀಕಿನ ಗೆಹೆನ್ನದಲ್ಲಿ ಅದು ಬಿದ್ದುಹೋಗಿದೆ. ಸಿರಿಯಾದ ಕ್ರೈಸ್ತರು ಆಡುತ್ತಿದ್ದ ಸಿರಿಯಾಕ್ ಭಾಷೆಯಲ್ಲೂ ಬಿದ್ದುಹೋಗಿದೆ. ಅರಬ್ಬಿಯಲ್ಲಿ ಮಾತ್ರ ‘ಜಹನ್ನಮ್’ ಅಂತ ಮ್ ಗಟ್ಟಿಯಾಗಿ ಕೂತಿದೆ. ಅಂದಮೇಲೆ ಅದು ಗ್ರೀಕಿನ ದಾರಿಯಿಂದ ಬಂದದ್ದಲ್ಲ. ಇಥಿಯೋಪಿಯಾದ ಹಳೆಯ ಗೀಯೆಜ್ ಭಾಷೆಯಲ್ಲಿ ‘ಗಹನ್ನಮ್’ ಅಂತಿದೆ. ಕೆಂಪು ಸಮುದ್ರದ ಆಚೆ ಈಚೆ ವ್ಯಾಪಾರ ಜೋರಾಗಿ ನಡೆಯುತ್ತಿತ್ತು, ಆ ದಾರಿಯಲ್ಲೇ ಬಂದಿರಬೇಕು ಅಂತ ಭಾಷೆ ಓದಿದವರಲ್ಲಿ ಬಹಳ ಜನ ಹೇಳುತ್ತಾರೆ. ಅರಬ್ಬಿ ನಿಘಂಟು ಬರೆದ ಹಳಬರಲ್ಲಿ ಕೆಲವರು ಇದು ನಮ್ಮದೇ ಮಾತು, ತಳ ಕಾಣದ ಬಾವಿಗೆ ‘ಜಿಹಿನ್ನಾಮ್’ ಅಂತಾರೆ, ಅದರಿಂದ ಬಂತು ಅಂದರು. ಕೆಲವರು ಹೊರಗಿನದು ಅಂತ ಆಗಲೇ ಒಪ್ಪಿದ್ದರು.

ಕುರಾನಿನಲ್ಲಿ ಈ ಹೆಸರು 77 ಸಲ ಬರುತ್ತದೆ. ಅದಕ್ಕೆ ಏಳು ಬಾಗಿಲು ಅಂತ 15ನೆಯ ಸೂರಾದಲ್ಲಿದೆ. ಆದರೆ ಒಂದು ಮಾತು. ನಮಾಜು ಮಾಡೋ ಯಾರೂ ಜಹನ್ನಮ್ ಅಂದಾಗ ಜೆರುಸಲೇಮಿನ ಕಣಿವೆಯನ್ನು ನೆನೆಯೋದಿಲ್ಲ. ಹೆಸರಿನ ಬೇರು ಒಂದು, ನಂಬಿಕೆಯಲ್ಲಿರೋ ಅರ್ಥ ಇನ್ನೊಂದು. ವಿಡಿಯೋದವರು ‘ಜಹನ್ನುಮ್ ಅಂದರೆ ನಿಜವಾಗಿ ಇಷ್ಟೇ’ ಅಂತ ಹೇಳಿದ್ದರೆ ಅದು ಸರಿಯಲ್ಲ.

ಪುಸ್ತಕದ ಉರ್ದುವಿನಲ್ಲಿ ‘ಜಹನ್ನಮ್’. ಓಣಿಯಲ್ಲಿ ‘ಜಹನ್ನುಮ್’. ನಮ್ಮ ಕಡೆ ಮುದುಕಿಯರು ಹೆಚ್ಚಾಗಿ ‘ದೋಜಖ್’ ಅನ್ನೋದು, ಅದು ಪಾರ್ಸಿಯದು. ‘ಪೇಟ್ ಕಾ ದೋಜಖ್ ಭರನಾ’ ಅಂದರೆ ಹೊಟ್ಟೆ ತುಂಬಿಸಿಕೊಳ್ಳೋದು. ನಮ್ಮ ಅಮ್ಮಿ ತಿಂಗಳ ಕೊನೆಯಲ್ಲಿ ಅದನ್ನೇ ಹೇಳುತ್ತಿದ್ದರು.

ಉಡುಪಿ ನರ್ಸಕ್ಕ

ನಾನು ಕೆಲಸ ಮಾಡೋದು ಆ ನರಕದ ಪಕ್ಕದಲ್ಲೇ ಮಾರಾಯ್ರೇ! ಜೆರುಸಲೇಮಿನಲ್ಲಿ ಒಬ್ಬರು ಅಜ್ಜಿಯನ್ನು ನೋಡಿಕೊಳ್ಳುವ ಕೇರ್‌ಗಿವರ್ ನಾನು. ಇಲ್ಲಿ ನಮ್ಮ ಕರಾವಳಿಯವರು, ಕೇರಳದವರು ಈ ಕೆಲಸದಲ್ಲಿ ತುಂಬ ಜನ ಇದ್ದೇವೆ. ನಮ್ಮನ್ನು ‘ಮೆತಪೆಲೆತ್’ ಅಂತ ಕರೆಯುತ್ತಾರೆ.

ಅಜ್ಜಿಗೆ ಸಂಜೆ ವೀಲ್‌ಚೇರ್‌ನಲ್ಲಿ ಒಂದು ಸುತ್ತು ಹೋಗಲೇಬೇಕು. ಹೆಬ್ರೋನ್ ರಸ್ತೆಯಲ್ಲಿ ಸಿನೆಮಾಟೆಕ್ ಅಂತ ಒಂದು ಸಿನಿಮಾ ಮಂದಿರ ಇದೆ. ಅಲ್ಲಿ ನಿಂತರೆ ಕೆಳಗೆ ಹಿನ್ನೋಮ್ ಕಣಿವೆ, ಎದುರಿಗೆ ಹಳೆಯ ಊರಿನ ಗೋಡೆ ಮತ್ತೆ ಚೀಯೋನ್ ಗುಡ್ಡ. ಕಣಿವೆ ಜಾಫಾ ಬಾಗಿಲ ಹತ್ತಿರ ಶುರುವಾಗಿ ಗೋಡೆಯ ಪಕ್ಕದಲ್ಲೇ ದಕ್ಷಿಣಕ್ಕೆ ಇಳಿಯುತ್ತದೆ. ಆಮೇಲೆ ಚೀಯೋನ್ ಗುಡ್ಡದ ಬುಡದಲ್ಲಿ ಪೂರ್ವಕ್ಕೆ ತಿರುಗಿ ಕಿದ್ರೋನ್ ಕಣಿವೆಗೆ ಸೇರುತ್ತದೆ. ಮಳೆಗಾಲ, ಅಂದರೆ ಇಲ್ಲಿಯ ಚಳಿಗಾಲ, ಮುಗಿಯುವ ಹೊತ್ತಿಗೆ ಹುಲ್ಲು ಹಸಿರೋ ಹಸಿರು. ಬಾದಾಮಿ ಮರ ಬಿಳಿ ಹೂ ಬಿಡುತ್ತದೆ. ಮೇ ತಿಂಗಳಿಗೆ ಎಲ್ಲ ಒಣಗಿ ಕಂದು ಬಣ್ಣ. ಮೇಲಿನ ಭಾಗದಲ್ಲಿ ಸುಲ್ತಾನನ ಕೆರೆ ಅಂತ ಇದೆ, ಆಟೋಮನ್ ದೊರೆ ಸುಲೈಮಾನ್ ರಿಪೇರಿ ಮಾಡಿಸಿದ್ದು. ಈಗ ಅದರಲ್ಲಿ ನೀರಿಲ್ಲ, ಬೇಸಿಗೆಯಲ್ಲಿ ಸಂಗೀತ ಕಛೇರಿ ಮಾಡುತ್ತಾರೆ. ನರಕದಲ್ಲಿ ಡ್ರಮ್ ಬಾರಿಸುವುದು ನಮ್ಮ ಮನೆವರೆಗೂ ಕೇಳುತ್ತದೆ!

ಕಣಿವೆ ಮೇಲೆ 2023ರಲ್ಲಿ ಒಂದು ತೂಗುಸೇತುವೆ ಮಾಡಿದ್ದಾರೆ, ಸುಮಾರು 200 ಮೀಟರ್ ಉದ್ದ. ಶನಿವಾರ ಜನವೋ ಜನ. ಕೆಳಗೆ ತುದಿಯಲ್ಲಿ ಗ್ರೀಕ್ ಸನ್ಯಾಸಿನಿಯರ ಮಠ, ಅದೇ ಜಾಗ ಅಕೆಲ್ದಮಾ, ರಕ್ತದ ಹೊಲ. ಯೇಸುವನ್ನು ಹಿಡಿದುಕೊಡಲು ಯೂದನಿಗೆ ಕೊಟ್ಟ ಬೆಳ್ಳಿ ನಾಣ್ಯದಲ್ಲಿ ಪರದೇಶಿಗಳನ್ನು ಹೂಳಲು ಕೊಂಡ ಹೊಲ ಅಂತ ಮತ್ತಾಯ ಬರೆದಿದ್ದಾನಲ್ಲ, ಅದು. ಅದರ ಸುತ್ತ ಬಂಡೆ ಕೊರೆದು ಮಾಡಿದ ಹಳೆಯ ಗೋರಿಗಳು ಒಂದರ ಪಕ್ಕ ಒಂದು. ಅರಬರು ಈ ಕಣಿವೆಗೆ ವಾದಿ ರಬಾಬಾ ಅನ್ನುತ್ತಾರೆ. ಕೆಳಗೆ ಸಿಲ್ವಾನ್ ಊರಿನ ಪ್ಯಾಲೆಸ್ಟೀನಿಯನ್ ಕುಟುಂಬಗಳ ಆಲಿವ್ ಮರಗಳಿವೆ. ಜಾಗ ಯಾರದು ಅಂತ ಈಗಲೂ ಜಗಳ ಇದೆ. ಆ ಕಡೆ ಹೋದರೆ ನಾನು ಸುಮ್ನೆ ನಡೆದುಕೊಂಡು ಬರುತ್ತೇನೆ, ಮಾತಾಡುವುದಿಲ್ಲ.

ಇಲ್ಲಿಯವರು ಕಣಿವೆಯನ್ನು ‘ಗೇ ಬೆನ್ ಹಿನ್ನೋಮ್’ ಅಂತ ಪೂರ್ತಿ ಹೆಸರಲ್ಲೇ ಕರೆಯುತ್ತಾರೆ. ‘ಗೆಹಿನ್ನೋಮ್’ ಅಂತ ಒಟ್ಟಿಗೆ ಹೇಳಿದರೆ ನರಕ. ಅಜ್ಜಿಗೆ ಅದರಲ್ಲಿ ತಮಾಷೆ ಏನೂ ಕಾಣುವುದಿಲ್ಲ. 1948ರ ಯುದ್ಧದ ಮೇಲೆ 1967ರವರೆಗೆ ಕಣಿವೆ ಇಸ್ರೇಲ್, ಜೋರ್ಡನ್ ಎರಡು ದೇಶದ ನಡುವೆ ಸಿಕ್ಕಿ ಯಾರೂ ಕಾಲಿಡದ ಜಾಗ ಆಗಿತ್ತು. ಆ ಯುದ್ಧದಲ್ಲಿ ಈ ಕಡೆಯಿಂದ ಚೀಯೋನ್ ಗುಡ್ಡಕ್ಕೆ ಉಕ್ಕಿನ ಹಗ್ಗ ಕಟ್ಟಿ, ರಾತ್ರಿ ಹೊತ್ತು ತೊಟ್ಟಿಲಿನಲ್ಲಿ ಸಾಮಾನು ಕಳಿಸುತ್ತಿದ್ದರಂತೆ. ಬೆಳಗಾದರೆ ಹಗ್ಗ ಕೆಳಗೆ ಬಿಡುವುದು, ಯಾರಿಗೂ ಕಾಣಬಾರದು ಅಂತ. ಆ ಹಗ್ಗ ಕಟ್ಟಿದ ಕಟ್ಟಡ ಈಗ ಹೋಟೆಲ್.

ಇನ್ನೊಂದು ಸಂಗತಿ ನನಗೆ ಇಲ್ಲಿಗೆ ಬಂದ ಮೇಲೆ ಗೊತ್ತಾದದ್ದು. ಅಜ್ಜಿಯ ಗಂಡ ತೀರಿಹೋದಾಗ ಮಗ ದಿನಾ ಸಿನಗಾಗಿಗೆ, ಅಂದರೆ ಯೆಹೂದಿಗಳ ಪ್ರಾರ್ಥನಾ ಮಂದಿರಕ್ಕೆ, ಹೋಗಿ ತೀರಿಹೋದವರಿಗಾಗಿ ಹೇಳುವ ಕದ್ದೀಶ್ ಪ್ರಾರ್ಥನೆ ಮಾಡುತ್ತಿದ್ದ. 11 ತಿಂಗಳಾದ ಕೂಡಲೇ ನಿಲ್ಲಿಸಿದ. ವರ್ಷ ತುಂಬಲಿಲ್ಲವಲ್ಲ ಅಂತ ನಾನು ಕೇಳಿದೆ. ಅಜ್ಜಿ ಹೇಳಿದರು: ಗೆಹಿನ್ನೋಮಿನಲ್ಲಿ ಕೆಟ್ಟವರಿಗೆ ಶಿಕ್ಷೆ 12 ತಿಂಗಳು. ನಾವು 12 ತಿಂಗಳು ಪ್ರಾರ್ಥನೆ ಮಾಡಿದರೆ ನಮ್ಮಪ್ಪ ಅಷ್ಟು ಕೆಟ್ಟವ ಅಂತ ನಾವೇ ಒಪ್ಪಿಕೊಂಡ ಹಾಗಾಯಿತು, ಅಲ್ವಾ?

ಬೆಟಗೇರಿ ಮಾಸ್ತರ

ತಂಗೀ, ನಿಮ್ಮ ಅಜ್ಜಿ ಹೇಳಿದ್ದಕ್ಕೆ ಆಧಾರ ಇದೆ. 12 ತಿಂಗಳ ಲೆಕ್ಕ, ಯೆಹೂದಿ ಧರ್ಮಗುರುಗಳಾದ ರಬ್ಬಿಗಳ ಹಳೆಯ ಗ್ರಂಥ ಮಿಶ್ನಾದ ಎದುಯೋತ್ ಭಾಗದಲ್ಲಿ ರಬ್ಬಿ ಅಕೀವಾ ಹೇಳಿದ್ದು, ಎರಡನೆಯ ಶತಮಾನದ ಮೊದಲ ಭಾಗದವನು. ಅಂದರೆ ರಬ್ಬಿಗಳ ಗೆಹಿನ್ನೋಮ್ ಬಹಳ ಮಂದಿಗೆ ಕೊನೆಯಿಲ್ಲದ ಜೈಲಲ್ಲ, ಮುಗಿಯುವ ಶಿಕ್ಷೆ. ರಬ್ಬಿಗಳ ಇನ್ನೊಂದು ಗ್ರಂಥ ತಾಲ್ಮೂದಿನಲ್ಲಿ ಇನ್ನೊಂದು ಚಂದದ ಮಾತಿದೆ. ಬೆನ್ ಹಿನ್ನೋಮ್ ಕಣಿವೆಯಲ್ಲಿ ಎರಡು ಖರ್ಜೂರದ ಮರ, ನಡುವೆ ಹೊಗೆ ಏಳುತ್ತದೆ, ಅದೇ ಗೆಹಿನ್ನೋಮಿನ ಬಾಗಿಲು ಅಂತ. ಈ ಹೊಗೆಯನ್ನು ಹಿಡಿದುಕೊಂಡು ಕಸದ ಬೆಂಕಿ ಅನ್ನೋರಿದ್ದಾರೆ. ಅಲ್ಲಿ ಕಸದ ಮಾತೇ ಇಲ್ಲ.

ಸುಮ್ನೆ ಕೇಳ್ತೀನಿ (ಮೈಸೂರು)

ಮಾಸ್ತರೇ, ಕಸಕ್ಕೆ ಸಾಕ್ಷಿ ಇಲ್ಲ ಅಂತ ಬಿಡಿಸಿ ಹೇಳಿದಿರಿ, ಸಂತೋಷ. ಅದೇ ತಕ್ಕಡಿಯಲ್ಲಿ ಮಕ್ಕಳ ಬಲಿಯನ್ನೂ ತೂಗಬೇಕಲ್ವಾ? ಬರೆದವರು ಆಹಾಜನನ್ನೂ ಮನಸ್ಸೆಯನ್ನೂ ಕಂಡರೆ ಆಗದವರು. ವಿರೋಧಿಗಳ ಮೇಲೆ ಇಂಥ ಆರೋಪ ಹೊರಿಸೋದು ಎಲ್ಲ ಕಾಲದಲ್ಲೂ ಇದೆ. ಆ ಕಣಿವೆ ಅಗೆದಾಗ ಸುಟ್ಟ ಎಲುಬು ಏನಾದರೂ ಸಿಕ್ಕಿದೆಯಾ?

ಬೆಟಗೇರಿ ಮಾಸ್ತರ

ಒಳ್ಳೆಯ ಪ್ರಶ್ನೆ. ಹಿನ್ನೋಮ್ ಕಣಿವೆಯಲ್ಲಿ ತೋಫೆತ್ ಸಿಕ್ಕಿಲ್ಲ. ಆದರೆ ಬೇರೆ ಕಡೆ ಸಿಕ್ಕಿದ್ದನ್ನು ಬಿಟ್ಟು ಮಾತಾಡೋ ಹಾಗಿಲ್ಲ.

ಯೆಹೂದದ ಉತ್ತರಕ್ಕೆ ಸಮುದ್ರ ದಂಡೆಯಲ್ಲಿ ಫೊನೀಷಿಯರು ಇದ್ದರು, ತೂರ್, ಚೀದೋನ್ ಊರಿನವರು. ಅವರ ಭಾಷೆ ಹೀಬ್ರೂವಿಗೆ ತೀರ ಹತ್ತಿರ. ಅವರೇ ಹೋಗಿ ಕಟ್ಟಿದ ಊರು ಕಾರ್ಥೇಜ್, ಈಗಿನ ಟ್ಯುನೀಸಿಯಾದಲ್ಲಿದೆ. ಅಲ್ಲಿ 1921ರಲ್ಲಿ ಒಂದು ಬಯಲು ಸಿಕ್ಕಿತು. ಸಾಲು ಸಾಲು ಮಣ್ಣಿನ ಮಡಕೆ, ಒಳಗೆ ಹಸುಗೂಸುಗಳ ಸುಟ್ಟ ಎಲುಬು, ಕೆಲವದರಲ್ಲಿ ಕುರಿಮರಿಯ ಎಲುಬು. ಮೇಲೆ ನೆಟ್ಟ ಕಲ್ಲುಗಳಲ್ಲಿ ಹರಕೆಯ ಮಾತು. ಅಗೆದವರಿಗೆ ಆ ಜಾಗಕ್ಕೆ ಹೆಸರು ಬೇಕಿತ್ತು, ಬೈಬಲಿನಿಂದಲೇ ‘ತೋಫೆತ್’ ಅಂತ ಎತ್ತಿಕೊಂಡರು. ಅವು ಬಲಿ ಕೊಟ್ಟ ಮಕ್ಕಳೋ, ಹುಟ್ಟುತ್ತಲೇ ಕಾಯಿಲೆಯಿಂದ ಸತ್ತು ದೇವರಿಗೆ ಒಪ್ಪಿಸಿದ ಮಕ್ಕಳೋ ಅಂತ ಇವತ್ತಿಗೂ ವಾದ ನಡೆದಿದೆ. ಕುರಿಮರಿಯನ್ನೂ ಅದೇ ರೀತಿ ಮಡಕೆಯಲ್ಲಿ ಇಟ್ಟಿದ್ದಾರೆ, ಕಲ್ಲಿನಲ್ಲಿ ಹರಕೆ ತೀರಿಸಿದ ಮಾತಿದೆ, ಅದಕ್ಕೇ ನಾನು ಬಲಿ ಅನ್ನೋರ ಕಡೆ.

ಅಲ್ಲಿನ ಕಲ್ಲುಗಳಲ್ಲಿ ‘ಮ್ಲ್ಕ್’ ಅಂತ ಮೂರು ಅಕ್ಷರ ಬರುತ್ತದೆ. ಅದನ್ನು ನೋಡಿ ಆಟೋ ಐಸ್‌ಫೆಲ್ಟ್ ಅನ್ನೋ ಜರ್ಮನ್ ವಿದ್ವಾಂಸ 1935ರಲ್ಲಿ ಒಂದು ಮಾತು ಹೇಳಿದ. ಮೋಲೆಕ್ ಅನ್ನೋದು ದೇವರ ಹೆಸರೇ ಅಲ್ಲ, ಒಂದು ಬಗೆಯ ಬಲಿಯ ಹೆಸರು ಅಂತ. ಅದು ಸರಿಯಾದರೆ ‘ಮೋಲೆಕನಿಗೆ ಕೊಟ್ಟರು’ ಅನ್ನೋದು ‘ಮೋಲೆಕ್ ಬಲಿಯಾಗಿ ಕೊಟ್ಟರು’ ಅಂತಾಗುತ್ತದೆ. ಯಾವ ದೇವರಿಗೆ ಅನ್ನೋ ಪ್ರಶ್ನೆ ಮತ್ತೆ ಏಳುತ್ತದೆ. ‘ನನ್ನ ಮನಸ್ಸಿಗೂ ಬಂದಿರಲಿಲ್ಲ’ ಅನ್ನೋ ಯೆರೆಮೀಯನ ಸಾಲಿಗೆ ಆಗ ಇನ್ನೂ ಜಾಸ್ತಿ ಭಾರ. ಇದನ್ನು ಒಪ್ಪದವರೂ ಇದ್ದಾರೆ. ಯಾಜಕಕಾಂಡದ 20ನೆಯ ಅಧ್ಯಾಯ ಮೋಲೆಕನ ಹಿಂದೆ ಹೋಗುವವರನ್ನು ವ್ಯಭಿಚಾರಿಗಳು ಅನ್ನುತ್ತದೆ, ಬಲಿಯ ಹಿಂದೆ ಯಾರೂ ಹಾಗೆ ಹೋಗೋದಿಲ್ಲ, ದೇವರ ಹಿಂದೆಯೇ ಹೋಗಬೇಕು ಅಂತ ಅವರ ವಾದ. ನನಗೂ ಅದು ಗಟ್ಟಿ ಅನ್ನಿಸುತ್ತದೆ.

ನರ್ಸಕ್ಕ ಡ್ರಮ್ ಅಂದಿದ್ದಕ್ಕೆ ಒಂದು ಸೇರಿಸುತ್ತೇನೆ. ಹೀಬ್ರೂವಿನಲ್ಲಿ ‘ತೋಫ್’ ಅಂದರೆ ತಮಟೆ. 11ನೆಯ ಶತಮಾನದ ವ್ಯಾಖ್ಯಾನಕಾರ ರಾಶಿ ತೋಫೆತನ್ನು ಅದರಿಂದಲೇ ಬಿಡಿಸಿದ. ಮಗುವಿನ ಕೂಗು ಅಪ್ಪನ ಕಿವಿಗೆ ಬೀಳಬಾರದು ಅಂತ ಪೂಜಾರಿಗಳು ತಮಟೆ ಬಾರಿಸುತ್ತಿದ್ದರು, ಅದಕ್ಕೆ ಆ ಹೆಸರು ಅಂತ. ಕೇಳಿದರೆ ಮೈ ಜುಮ್ ಅನ್ನುತ್ತದೆ, ಆದರೆ ಭಾಷೆಯ ಲೆಕ್ಕದಲ್ಲಿ ನಿಲ್ಲೋದಿಲ್ಲ. ಹೀಬ್ರೂವಿನ ಸೋದರ ಭಾಷೆ ಅರಮಾಯಿಕ್‌ನಲ್ಲಿ ಒಲೆ ಅನ್ನೋ ಅರ್ಥದ ಮಾತಿಗೆ ಹತ್ತಿರ, ಅದಕ್ಕೆ ‘ನಾಚಿಕೆ’ ಅನ್ನೋ ‘ಬೋಶೆತ್’ನ ಸ್ವರಗಳನ್ನು ಬೇಕೆಂದೇ ಜೋಡಿಸಿ ತೋಫೆತ್ ಅಂತ ಮಾಡಿದರು ಅನ್ನೋದು ಈಗಿನವರು ಹೆಚ್ಚು ಒಪ್ಪುವ ಮಾತು. ಹೆಸರನ್ನೇ ಉಚ್ಚಾರದಲ್ಲಿ ಅವಮಾನ ಮಾಡೋದು.

ಕಲಬುರಗಿ ಹುಡುಗ

ಮಾಸ್ತರ್ರೀ, ಇಷ್ಟು ಸಿಗುತ್ತದೆ ಅಂತ ಅಂದುಕೊಂಡಿರಲಿಲ್ಲ. ಯೆರೆಮೀಯ 19 ಮೊಬೈಲ್‌ನಲ್ಲೇ ಓದಿದೆ. ಕೊಡ ಒಡೆಯೋ ಕಡೆ ‘ಕುಂಬಾರನ ಮಡಕೆಯನ್ನು ಮತ್ತೆ ಕೂಡಿಸೋಕೆ ಆಗದ ಹಾಗೆ’ ಅಂತ ಬರುತ್ತದೆ, ಅದು ಬಹಳ ಹಿಡಿಸಿತು. ಒಂದು ಕೊನೆಯ ಪ್ರಶ್ನೆ. ತೋಫೆತ್ ಸಿಗಲಿಲ್ಲ ಅಂದಿರಿ. ಹಾಗಾದರೆ ಯೆರೆಮೀಯನ ಕಾಲದ್ದು ಆ ಕಣಿವೆಯಲ್ಲಿ ಏನೂ ಸಿಕ್ಕಿಲ್ಲವಾ?

ಬೆಟಗೇರಿ ಮಾಸ್ತರ

ಸಿಕ್ಕಿದೆ, ಮತ್ತೆ ಅದು ಸಣ್ಣದಲ್ಲ. ಗಾತ್ರದಲ್ಲಿ ಮಾತ್ರ ಸಣ್ಣದು.

ಕಣಿವೆಯ ಪಶ್ಚಿಮದ ಅಂಚಿಗೆ ಸ್ಕಾಟ್ಲೆಂಡಿನವರ ಒಂದು ಚರ್ಚ್ ಇದೆ. ಅದರ ಹಿಂದಿನ ಬಂಡೆಯಲ್ಲಿ ಹಳೆಯ ಗೋರಿಗಳಿವೆ, ಆ ಜಾಗಕ್ಕೆ ಕೆತೆಫ್ ಹಿನ್ನೋಮ್, ಹಿನ್ನೋಮಿನ ಭುಜ, ಅಂತ ಹೆಸರು. ಗೇಬ್ರಿಯಲ್ ಬಾರ್ಕೈ ಅನ್ನೋ ಪುರಾತತ್ವದವನು ಅಲ್ಲಿ ಅಗೆಯುತ್ತಿದ್ದ. ಗೋರಿಗಳನ್ನು ಹಿಂದೆಯೇ ಕಳ್ಳರು ದೋಚಿದ್ದರು. ಒಂದರ ಒಳಗೆ, ಹೆಣ ಮಲಗಿಸುವ ಕಟ್ಟೆಯ ಕೆಳಗೆ, ಹಳೆಯ ಎಲುಬು ಮತ್ತು ಸಾಮಾನು ಕೂಡಿಡುವ ಗೂಡು ಮಾತ್ರ ಅವರ ಕಣ್ಣಿಗೆ ಬಿದ್ದಿರಲಿಲ್ಲ. 1979ರಲ್ಲಿ ಅದರಲ್ಲಿ ಬೆಳ್ಳಿಯ ಎರಡು ಸಣ್ಣ ಸುರುಳಿ ಸಿಕ್ಕವು. ಕೊರಳಿಗೆ ದಾರದಲ್ಲಿ ಕಟ್ಟಿಕೊಳ್ಳುವಂಥವು, ತಾಯತ ಅನ್ನು. ಪುಡಿಯಾಗದಂತೆ ಬಿಚ್ಚೋದಕ್ಕೇ ವರ್ಷಗಳು ಹಿಡಿದವು. ದೊಡ್ಡದು ಬಿಚ್ಚಿದ ಮೇಲೆ ಸುಮಾರು 10 ಸೆಂಟಿಮೀಟರ್, ಸಣ್ಣದು 4.

ಒಳಗೆ ಗೀಚಿದ್ದು ಬೈಬಲಿನ ಅರಣ್ಯಕಾಂಡ 6ನೆಯ ಅಧ್ಯಾಯದಲ್ಲಿರುವ ಯಾಜಕರ ಆಶೀರ್ವಾದ. ಯೆಹೋವನು ನಿನ್ನನ್ನು ಆಶೀರ್ವದಿಸಿ ಕಾಪಾಡಲಿ ಅಂತ ಶುರುವಾಗುತ್ತದಲ್ಲ, ಇವತ್ತಿಗೂ ನಮ್ಮ ಚರ್ಚಿನಲ್ಲಿ ಕೊನೆಗೆ ಹೇಳೋದು, ಅದೇ. ಕಾಲ ಹೆಚ್ಚುಕಡಿಮೆ ಕ್ರಿಸ್ತಪೂರ್ವ 600. ಮೃತ ಸಮುದ್ರದ ದಂಡೆಯ ಗುಹೆಗಳಲ್ಲಿ ಸಿಕ್ಕ ಬೈಬಲಿನ ಹಳೆಯ ಸುರುಳಿಗಳಿಗಿಂತ ಸುಮಾರು 400 ವರ್ಷ ಹಳೆಯದು. ಬೈಬಲಿನ ಮಾತು ಬರೆದಿರುವ ವಸ್ತುಗಳಲ್ಲಿ ಈವರೆಗೆ ಸಿಕ್ಕ ಅತಿ ಹಳೆಯದು ಇದು. ಯೆರೆಮೀಯ ಕೊಡ ಒಡೆದ ಕಾಲ, ಅದೇ ಕಣಿವೆಯ ಅಂಚು. ಕೊರಳಿಗೆ ಕಟ್ಟಿಕೊಂಡವರು ಅವನನ್ನು ಕಣ್ಣಾರೆ ಕಂಡಿದ್ದರೂ ಆಶ್ಚರ್ಯವಿಲ್ಲ.

ಸುರುಳಿಗಳು ಈಗ ಜೆರುಸಲೇಮಿನ ಇಸ್ರೇಲ್ ಮ್ಯೂಸಿಯಂನಲ್ಲಿವೆ. ತಂಗೀ, ನಿಮಗೆ ಹತ್ತಿರ. ನೋಡಿಬಂದು ಅಕ್ಷರ ಬರಿಗಣ್ಣಿಗೆ ಕಾಣಿಸುತ್ತದಾ ಅಂತ ಹೇಳಿ.

ಉಡುಪಿ ನರ್ಸಕ್ಕ

ಆ ಚರ್ಚಿನ ಮುಂದೆ ದಿನಾ ವೀಲ್‌ಚೇರ್ ತಳ್ಳುತ್ತೇನೆ, ಹಿಂದುಗಡೆ ಇಂಥದ್ದು ಸಿಕ್ಕಿದೆ ಅಂತ ಯಾರೂ ಹೇಳಲಿಲ್ಲ ನೋಡಿ. ನನಗೆ ರಜೆ ಶನಿವಾರ. ಮ್ಯೂಸಿಯಂ ಅವತ್ತೂ ತೆರೆದಿರುತ್ತದೆ, ಆದರೆ ನಮ್ಮ ಕಡೆ ಬಸ್ ಇಲ್ಲ. ನಡೆದೇ ಹೋಗಬೇಕು. ಪರವಾಗಿಲ್ಲ, ಇನ್ನೊಬ್ಬಳು ಶಿರ್ವದವಳು ಇದ್ದಾಳೆ, ಅವಳನ್ನೂ ಕರೆದುಕೊಂಡು ಹೋಗುತ್ತೇನೆ. ಫೋಟೋ ತೆಗೆಯಲು ಬಿಟ್ಟರೆ ಇಲ್ಲೇ ಹಾಕುತ್ತೇನೆ ಮಾಸ್ತರೇ, ಓದಿ ಹೇಳುವುದು ನಿಮ್ಮ ಕೆಲಸ.